ತಪ್ಪು ನಡೆಗೂ ಜಾಗವಿಟ್ಟ ಮೇಜು

ಬೆಳಗಿನ ಬೆಳಕು ಇನ್ನೂ ಕಿಟಕಿಯ ಗಾಜನ್ನು ಮುಟ್ಟಿಲ್ಲ. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಡಯಾಲಿಸಿಸ್ ವಾರ್ಡಿನ ಯಂತ್ರಗಳು ಒಂದೊಂದಾಗಿ ಕಣ್ಣು ಬಿಡುತ್ತಿವೆ. ಕೊಳವೆಗಳಲ್ಲಿ ನೀರು ಹರಿಯುವ ಗುಳುಗುಳು ಸದ್ದು, ದ್ರಾವಣದ ತೆಳು ಹುಳಿ ವಾಸನೆ, ಈಗಷ್ಟೇ ಒರೆಸಿದ ನೆಲದ ತಣ್ಣನೆಯ ಹೊಳಪು. ಕೈತೊಳೆಯುವ ತೊಟ್ಟಿಯ ಪಕ್ಕದ ಸ್ಟೀಲ್ ಕಟ್ಟೆಯ ಮುಂದೆ ನೀಲಿ ಸಮವಸ್ತ್ರದ ಹೆಂಗಸೊಬ್ಬರು ನಿಂತು ಟ್ಯಾಬ್ ಒಂದನ್ನು ಒರೆಸುತ್ತಿದ್ದಾರೆ. ಔಷಧಿ ಹಾಕಿದ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ, ಆಮೇಲೆ ಅಂಚು, ಆಮೇಲೆ ಮೂಲೆ. ಜ್ವರ ಬಂದ ಮಗುವಿನ ಮೈ ಒರೆಸುವ ತಾಯಿಯ ನಿಧಾನ ಆ ಕೈಗಿದೆ.

ಒರೆಸಿ ಮುಗಿದ ಮೇಲೆ ಪರದೆ ಬೆಳಗುತ್ತದೆ. ಅದರ ಮೇಲೊಂದು ಮೇಜಿನ ಚಿತ್ರ, ಮೇಜಿನ ಮೇಲೆ ಲೂಡೋ ಹಾಸು. ಹಾಸಿನ ಹೊರಗೆ ನಾಲ್ಕು ಬಣ್ಣದ ಕಾಯಿಗಳು, ನಿನ್ನೆ ಆಟ ಮುಗಿಸಿ ಎದ್ದವರು ಬಿಟ್ಟುಹೋದ ಹಾಗೇ, ಸಂತೆ ಮುಗಿದ ಬಯಲಿನ ಹಾಗೆ ಚೆಲ್ಲಾಪಿಲ್ಲಿ ಬಿದ್ದಿವೆ. ಅವರು ಬೆರಳ ತುದಿಯಲ್ಲಿ ಒಂದೊಂದನ್ನೇ ಎಳೆದು ಅದರದರ ಮನೆಗೆ ಸೇರಿಸುತ್ತಾರೆ. ಒಂದು ಬಟನ್ ಒತ್ತಿದರೆ ತಾನಾಗಿ ಕೂರುವುದಿಲ್ಲವೇ ಎಂದು ಕೇಳಿದರೆ, ಕೈ ನಿಲ್ಲಿಸದೆಯೇ ಹೇಳುತ್ತಾರೆ: "ಇದಕ್ಕೆ ಅಂಥ ಬಟನ್ ಇಲ್ಲ. ಇದ್ದಿದ್ರೂ ನಾನು ಒತ್ತುತ್ತಿರಲಿಲ್ಲ ಅನ್ಸುತ್ತೆ. ಕೆಂಪು ಡ್ರೈವರಣ್ಣಂದು, ಹಸಿರು ಟೀಚರಮ್ಮಂದು, ಹಳದಿ ಟೈಲರ್‌ದು, ನೀಲಿ ಆ ಬೇಕರಿ ತುಂಟಂದು. ಒಂದೊಂದು ಕಾಯಿ ಕೂರಿಸ್ತಾ ಒಬ್ಬೊಬ್ಬರ ಮುಖ ನೆನೀತೀನಿ. ಇವತ್ತೂ ಎಲ್ಲರೂ ಬರ್ಲಪ್ಪ ದೇವರೇ ಅಂತೀನಿ. ನನ್ನ ಪ್ರಾರ್ಥನೆ ಅಂದ್ರೆ ಇಷ್ಟೇ."

ಹುದ್ದೆಯ ಲೆಕ್ಕದಲ್ಲಿ ಅವರು ವಾರ್ಡ್ ಸಹಾಯಕಿ. ಹಾಸಿಗೆಯ ಹೊದಿಕೆ ಬದಲಿಸುವುದು, ರೋಗಿಗಳನ್ನು ತೂಕದ ಯಂತ್ರದ ಮೇಲೆ ಹತ್ತಿಸುವುದು, ಕಸದ ಚೀಲ ಕಟ್ಟುವುದು, ಚೆಲ್ಲಿದ್ದನ್ನು ಬಳಿಯುವುದು ಅವರ ಕೆಲಸ. ಆದರೆ ಇಲ್ಲಿ ಅವರನ್ನು ಯಾರೂ ಹುದ್ದೆಯಿಂದ ಕರೆಯುವುದಿಲ್ಲ. ರೋಗಿಗಳು, ನರ್ಸ್‌ಗಳು, ಕೊನೆಗೆ ಡಾಕ್ಟರರೂ ಕರೆಯುವುದು ಒಂದೇ ಹೆಸರಿನಿಂದ: ಅಂಪೈರಮ್ಮ.

ಡಯಾಲಿಸಿಸ್ ಎಂದರೆ ಕೂತು ಕಾಯುವ ಕಾಯಕ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಮೈಯ ರಕ್ತವೆಲ್ಲ ಹೊರಗೆ ಹೋಗಿ ತೊಳೆದುಕೊಂಡು ಮತ್ತೆ ಒಳಗೆ ಬರಬೇಕು. ಭಗವಂತ ಕೊಟ್ಟ ಎರಡು ಕೈಗಳಲ್ಲಿ ಒಂದನ್ನು ಯಂತ್ರಕ್ಕೆ ಒಪ್ಪಿಸಿ, ಅದನ್ನು ಅಲುಗಾಡಿಸದೆ ಇಟ್ಟುಕೊಂಡಿರಬೇಕು. ಉಳಿದದ್ದು ಇನ್ನೊಂದು ಕೈ, ಎರಡು ಕಣ್ಣು, ಒಂದು ಬಾಯಿ. ಹನ್ನೆರಡು ಹಾಸಿಗೆಯ ಈ ವಾರ್ಡಿನಲ್ಲಿ ಉಳಿದಿದ್ದಕ್ಕೆ ಕೆಲಸ ಕೊಟ್ಟವರು ಅಂಪೈರಮ್ಮ.

ಏಳು ಗಂಟೆಗೆಲ್ಲ ಮೊದಲ ಪಾಳಿಯ ನಾಲ್ವರ ಆಟ ಶುರುವಾಗಿರುತ್ತದೆ. ಮೂವರು ಹಾಲ್‌ನಲ್ಲಿ, ಅಕ್ಕಪಕ್ಕದ ಹಾಸಿಗೆಗಳಲ್ಲಿ. ನಾಲ್ಕನೆಯವರಾದ ಡ್ರೈವರಣ್ಣ ಮಾತ್ರ ಕೊನೆಯ ಗಾಜಿನ ಕೋಣೆಯಲ್ಲಿ ಒಬ್ಬರೇ. ರಕ್ತದಿಂದ ರಕ್ತಕ್ಕೆ ಹರಡುವ ಸೋಂಕೊಂದು ಅವರ ಮೈಯಲ್ಲಿರುವುದರಿಂದ ಅವರ ಯಂತ್ರ ಬೇರೆ, ಹಾಸಿಗೆ ಬೇರೆ, ಅವರು ಮುಟ್ಟಿದ್ದು ಹೊರಗೆ ಬರುವಂತಿಲ್ಲ. ಅವರ ಟ್ಯಾಬ್ ಕೂಡ ಆ ಕೋಣೆಯಲ್ಲೇ ಉಳಿಯುತ್ತದೆ. ಆದರೆ ಪರದೆಯ ಮೇಲಿನ ಮೇಜಿಗೆ ಗಾಜಿನ ಅಡ್ಡಿಯಿಲ್ಲ. ಕಾಯಿಗಳೂ ಬರುತ್ತವೆ, ಟ್ಯಾಬ್‌ನ ಮೈಕಿನ ಮೂಲಕ ಮಾತೂ ಬರುತ್ತದೆ.

ಈ ಮೇಜಿನ ವಿಶೇಷ ಏನೆಂದರೆ, ಇದಕ್ಕೆ ಆಟದ ನಿಯಮ ಒಂದೂ ಗೊತ್ತಿಲ್ಲ. ಹಾಸು, ಕಾಯಿ, ದಾಳ ಇವಿಷ್ಟೇ ಇದರ ಆಸ್ತಿ. ಯಾರು ಯಾರ ಕಾಯಿಯನ್ನು ಬೇಕಾದರೂ ಎತ್ತಬಹುದು. ಹಿಂದಕ್ಕೆ ನಡೆಸಬಹುದು, ಹಾಸಿನ ಹೊರಗೆ ಎಸೆಯಬಹುದು, ದಾಳವನ್ನು ಉರುಳಿಸುವ ಬದಲು ಮೆಲ್ಲಗೆ ತಿರುಗಿಸಿ ಆರು ಮೇಲೆ ಬರುವಂತೆ ಇಡಬಹುದು. ಮೇಜು ಚಕಾರ ಎತ್ತುವುದಿಲ್ಲ. ತಪ್ಪು ಹಿಡಿಯಬೇಕಾದವರು ಎದುರಿಗಿರುವ ಮನುಷ್ಯರು.

ಮನುಷ್ಯರು ಬಿಡುತ್ತಾರೆಯೇ?

"ಏಯ್ ಬೇಕರಿ! ದಾಳ ಉರುಳಲೇ ಇಲ್ಲ, ಆರು ಹೆಂಗೋ ಬಿತ್ತು?" ಹಳದಿ ಕಾಯಿಯ ಟೈಲರ್ ಕೂಗುತ್ತಾರೆ.

"ಉರುಳ್ತು ಯಜಮಾನ್ರೇ. ನೀವು ಕಣ್ಣು ಮಿಟುಕಿಸಿದ್ರಿ."

"ನಾನು ಸೂಜಿ ಕಣ್ಣಿಗೆ ದಾರ ಹಾಕೋನು. ಕಣ್ಣು ಮಿಟುಕಿಸಿದ್ರೆ ಹೊಟ್ಟೆಗೇನು ತಿಂತಿದ್ದೆ?"

"ಇಬ್ಬರೂ ಸುಮ್ನಿರಿ," ಇದು ಟೀಚರಮ್ಮ, ನಿವೃತ್ತ ಗಣಿತ ಶಿಕ್ಷಕಿ. "ಜೀವಮಾನವೆಲ್ಲಾ ಕಾಪಿ ಹೊಡೆಯೋರನ್ನ ಹಿಡಿದಿದೀನಿ. ಅವನು ದಾಳ ತಿರುಗಿಸಿದ್ದು ನಿಜ. ಅವನು ಕೆಮ್ಮಿದಾಗ ನೀವು ಒಂದು ಮನೆ ಜಾಸ್ತಿ ಹೋಗಿದ್ದೂ ನಿಜ."

"ಅಂಪೈರಮ್ಮಾ!" ಎಂದು ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ಅವರು ಬರುತ್ತಾರೆ, ಕೈಯಲ್ಲಿ ಬಕೆಟ್ಟು, ಬಾಯಲ್ಲಿ ತೀರ್ಪು. "ಇಬ್ಬರೂ ವಾಪಸ್ ಹೋಗಿ. ಟೀಚರಮ್ಮಂಗೆ ಒಂದು ದಾಳ ಹೆಚ್ಚಿಗೆ." ವಾರ್ಡಿನ ಕಟ್ಟಳೆ ಅದು. ಸಿಕ್ಕಿಬಿದ್ದವರು ಎದುರಾಳಿಗೆ ಒಂದು ದಾಳ, ಅಂದರೆ ಇನ್ನೊಮ್ಮೆ ಉರುಳಿಸುವ ಅವಕಾಶ, ಕೊಡಬೇಕು; ಸುಳ್ಳು ದೂರು ಹೇಳಿದವರೂ ಕೊಡಬೇಕು. ಯಾವ ಪುಸ್ತಕದಲ್ಲೂ ಇಲ್ಲದ ಈ ನಿಯಮವನ್ನು ಹಾಸಿಗೆಯಲ್ಲಿ ಮಲಗಿದವರೇ ಜಗಳವಾಡಿ ಕಟ್ಟಿಕೊಂಡಿದ್ದಾರೆ.

ಇವತ್ತು ಇಷ್ಟು ಗಲಾಟೆ ಮಾಡುವ ಈ ಬರಿಯ ಮೇಜು ಕೆಲವು ತಿಂಗಳ ಹಿಂದೆ ಇಲ್ಲಿಂದ ಎದ್ದೇ ಹೋಗುವುದರಲ್ಲಿತ್ತು. ಅದು ಹೇಗೆ ಉಳಿಯಿತು ಎಂಬುದನ್ನು ತಿಳಿಯಬೇಕಾದರೆ, ಅದು ಹೇಗೆ ಬಂತು ಎಂಬಲ್ಲಿಂದ ಶುರುಮಾಡಬೇಕು.

ಅಂಪೈರಮ್ಮ ಈ ವಾರ್ಡಿಗೆ ಮೊದಲು ಬಂದದ್ದು ನೌಕರಳಾಗಿ ಅಲ್ಲ, ಸೊಸೆಯಾಗಿ. ಅತ್ತೆಗೆ ಕಿಡ್ನಿ ಕೈಕೊಟ್ಟಿತ್ತು. ಆಗ ಅವರು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅಂಟು ಬಳಿಯುವ ಕೆಲಸದಲ್ಲಿದ್ದರು. ಅತ್ತೆಯನ್ನು ಕರೆತರುವ ದಿನಗಳಲ್ಲಿ ರಜೆ ಸಿಗದೆ ಆ ಕೆಲಸ ಬಿಟ್ಟರು. ಗಂಡ ಅಂಗಡಿಗಳ ನಾಮಫಲಕ ಬರೆಯುವವರು. ತಾಯಿ ನಾಲ್ಕು ಗಂಟೆ ಗೋಡೆ ನೋಡುತ್ತಾ ಮಲಗುವುದನ್ನು ಕಂಡು, ಒಂದು ರಟ್ಟಿನ ಮೇಲೆ ಫಲಕದ ಬಣ್ಣದಲ್ಲೇ ಲೂಡೋ ಹಾಸು ಬರೆದುಕೊಟ್ಟರು. ಬಾಟಲಿ ಮುಚ್ಚಳಗಳೇ ಕಾಯಿ.

"ನಮ್ಮತ್ತೆ ಮೋಸದಲ್ಲಿ ಮಹಾರಾಣಿ," ಎಂದು ಅಂಪೈರಮ್ಮ ನಗುತ್ತಾರೆ. "ಅಯ್ಯೋ ಸೊಸೆ, ಆ ಬಾಟಲಿ ಮಟ್ಟ ಎಷ್ಟಿದೆ ನೋಡೇ ಅನ್ನೋರು. ನಾನು ತಿರುಗಿ ನೋಡೋದ್ರೊಳಗೆ ಅವರ ಕಾಯಿ ಹಣ್ಣಾಗಿರೋದು. ಮನೇಲಿ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಮಾತು ಅಂದ್ರೆ ಉಪ್ಪು ಜಾಸ್ತಿ, ನೀರು ಕಮ್ಮಿ, ಅಷ್ಟೇ. ಆದ್ರೆ ಇಲ್ಲಿ ಬಂದು ಜಗಳ ಆಡ್ತಾ ಆಡ್ತಾ ಸ್ನೇಹಿತರಾಗಿಬಿಟ್ವಿ. ಅವರು ಮೋಸ ಮಾಡ್ತಿದ್ದ ದಿನ ನನಗೆ ಸಮಾಧಾನ. ಸುಮ್ನೆ ಸರಿಯಾಗಿ ಆಡಿದ್ರು ಅಂದ್ರೆ, ಓಹೋ ಇವತ್ತು ಮೈ ಚೆನ್ನಾಗಿಲ್ಲ ಅಂತ ಗೊತ್ತಾಗ್ತಿತ್ತು."

ಅತ್ತೆ ಹೋದ ಮೇಲೆ ಖಾಲಿ ಹಾಸಿಗೆಯ ಪಕ್ಕ ನಿಂತಿದ್ದ ಸೊಸೆಯನ್ನು ಹಿರಿಯ ಸಿಸ್ಟರ್ ಕರೆದು, ಸಹಾಯಕಿಯ ಜಾಗವೊಂದಿದೆ, ಬರುತ್ತೀಯಾ ಎಂದು ಕೇಳಿದರು. ಅವರು ಬಂದರು. ರಟ್ಟಿನ ಹಾಸೂ ಅವರ ಜೊತೆ ಬಂತು. ಹಾಸಿಗೆಯಿಂದ ಹಾಸಿಗೆಗೆ ಓಡಾಡತೊಡಗಿತು. ಒಂದು ದಿನ ಮುಚ್ಚಳವೊಂದು ಉರುಳಿ, ಯಾರದೋ ರಕ್ತ ತೊಟ್ಟಿಕ್ಕಿದ ಜಾಗದಲ್ಲಿ ಬಿತ್ತು. ಇನ್ನೊಬ್ಬರು ಅದನ್ನು ಬರಿಗೈಯಲ್ಲಿ ಎತ್ತಿಕೊಂಡರು. ಅದನ್ನು ಕಂಡ ಹಿರಿಯ ಸಿಸ್ಟರ್ ಹಾಸು, ಮುಚ್ಚಳ, ದಾಳ ಎಲ್ಲವನ್ನೂ ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

"ಗಂಡ ಬರೆದ ಹಾಸು, ಅತ್ತೆ ಆಡಿದ ಕಾಯಿ. ಹೊಟ್ಟೆ ಉರೀತು. ಆದ್ರೆ ಸಿಸ್ಟರ್ ಮಾಡಿದ್ದು ಸರಿ," ಎನ್ನುತ್ತಾರೆ ಅವರು. "ಇಲ್ಲಿ ಒಬ್ಬರ ಕೈ ಮುಟ್ಟಿದ್ದು ಇನ್ನೊಬ್ಬರ ಕೈಗೆ ಹೋಗಬಾರದು. ಆಟಾನೂ ಬೇಕು, ಮುಟ್ಟಲೂಬಾರದು. ಹೆಂಗಪ್ಪ ಮಾಡೋದು ಅಂತ ತಲೆ ಕೆಡಿಸ್ಕೊಂಡೆ."

ದಾರಿ ತೋರಿಸಿದವರು ಯಂತ್ರಗಳನ್ನು ರಿಪೇರಿ ಮಾಡುವ ಟೆಕ್ನಿಷಿಯನ್. ಕಚೇರಿಯವರು ಬೇಡವೆಂದು ಮೂಲೆಗೆ ಹಾಕಿದ್ದ ನಾಲ್ಕು ಹಳೆಯ ಟ್ಯಾಬ್‌ಗಳಿಗೆ ಜೀವ ತುಂಬಿ, ಅವುಗಳಲ್ಲಿ 'ಬರಿಯ ಮೇಜು' ಎಂಬ ಆ್ಯಪ್ ಹಾಕಿಕೊಟ್ಟರು. ಯಾವ ಹಾಸಿನ ಚಿತ್ರ ಬೇಕಾದರೂ ಹರಡಬಹುದು, ಯಾವ ಕಾಯಿ ಬೇಕಾದರೂ ಇಡಬಹುದು. ಗಂಡ ಇನ್ನೊಂದು ಹಾಸು ಬರೆದರು; ಅಂಪೈರಮ್ಮ ಅದನ್ನು ಬಿಸಿಲಿನಲ್ಲಿಟ್ಟು ಫೋಟೊ ತೆಗೆದರು. ಈಗಲೂ ಪರದೆಯ ಮೇಲೆ ಕಾಣುವುದು ಆ ಹಾಸೇ. ಅಂಗಡಿ ಫಲಕದ ದಪ್ಪ ಕೆಂಪು, ದಪ್ಪ ಹಸಿರು. ಆಮೇಲೆ ಹಾವು ಏಣಿ ಬಂತು, ಚದುರಂಗ ಬಂತು. ಮಧ್ಯಾಹ್ನದ ಪಾಳಿಯವರಿಗೆ ಚದುರಂಗವೆಂದರೆ ಪ್ರಾಣ. ಬೆಳಗಿನವರಿಗೆ ಲೂಡೋ ಬಿಟ್ಟು ಬೇರೆ ದೇವರಿಲ್ಲ.

ಹೀಗೆ ಬಂದ ಮೇಜಿಗೆ ಗಂಡಾಂತರ ಬಂದದ್ದು ಒಳ್ಳೆಯವರ ಕೈಯಿಂದಲೇ. ಪುಣ್ಯಾತ್ಮರೊಬ್ಬರು ವಾರ್ಡಿಗೆ ಹನ್ನೆರಡು ಹೊಸ ಟ್ಯಾಬ್‌ಗಳನ್ನು ದಾನ ಕೊಟ್ಟರು. ಅವುಗಳ ಒಳಗೆ ಆಟಗಳೂ ಇದ್ದವು, ಆದರೆ ಬೇರೆ ಜಾತಿಯವು. ನಿಯಮವೆಲ್ಲ ಯಂತ್ರದ ತಲೆಯಲ್ಲೇ ಇರುವ ಆಟಗಳು. ದಾಳ ತಾನೇ ಉರುಳುತ್ತದೆ, ನಡೆಯಬಹುದಾದ ಕಾಯಿ ಮಾತ್ರ ಮಿನುಗುತ್ತದೆ, ತಪ್ಪು ಜಾಗಕ್ಕೆ ಎಳೆದರೆ ಜಾರಿಕೊಂಡು ವಾಪಸ್ ಬರುತ್ತದೆ. ತಡ ಮಾಡಿದರೆ ಪುಟ್ಟ ಗಡಿಯಾರವೊಂದು ಕರಗಿ, ಯಂತ್ರವೇ ನಿಮ್ಮ ಪರವಾಗಿ ಆಡಿಬಿಡುತ್ತದೆ. ಸಂಗೀತ ಬೇರೆ.

ವಾರ್ಡಿಗೆ ಹಬ್ಬದಷ್ಟು ಖುಷಿ. ಹಳೆಯ ಟ್ಯಾಬ್‌ಗಳನ್ನು ತಿಂಗಳ ಕೊನೆಗೆ ಗುಜರಿಗೆ ಕಳಿಸುವುದೆಂದು ಕಚೇರಿ ತೀರ್ಮಾನಿಸಿತು.

ಮೊದಲ ವಾರ ಅಂಪೈರಮ್ಮನೂ ಖುಷಿಯಿಂದಲೇ ಹೊಸದನ್ನು ಹಂಚಿದರು. ಎರಡನೆಯ ವಾರಕ್ಕೆ ಅವರಿಗೇನೋ ಕಸಿವಿಸಿ. "ಸದ್ದೇ ಇಲ್ಲ. ವಾರ್ಡು ಲೈಬ್ರರಿ ಆಗೋಯ್ತು. ಜಗಳಕ್ಕೆ ಕಾರಣಾನೇ ಇಲ್ವಲ್ಲ! ಯಂತ್ರ ನೋಡ್ಕೊಳ್ಳುತ್ತೆ ಅಂದ್ಮೇಲೆ ಒಬ್ಬರ ಆಟ ಇನ್ನೊಬ್ಬರು ಯಾಕೆ ನೋಡ್ತಾರೆ? ತಮ್ಮ ಸರದಿ ಬಂದಾಗ ಒಂದು ಸಲ ಒತ್ತೋದು, ಆಮೇಲೆ ಕಣ್ಣು ಮುಚ್ಚೋದು."

ಎಲ್ಲರಿಗಿಂತ ಕಷ್ಟವಾದದ್ದು ಗಾಜಿನ ಕೋಣೆಯ ಡ್ರೈವರಣ್ಣನಿಗೆ. ಹೊಸ ಆಟದಲ್ಲಿ ಮಾತಿಗೆ ಜಾಗವಿರಲಿಲ್ಲ. ಮಾತಿನ ಬದಲು ಕಳಿಸಲು ಆರು ನಗೆಮುಖದ ಗೊಂಬೆಗಳಿದ್ದವು. ಕೋಣೆ ಶುಚಿ ಮಾಡಲು ಗೌನು, ಕೈಗವಸು ತೊಟ್ಟು ಒಳಗೆ ಹೋದ ಅಂಪೈರಮ್ಮನ ಮುಂದೆ ಅವರು ಗೋಳಾಡಿಕೊಂಡರು: "ನಗೋ ಗೊಂಬೆ ಕಳ್ಸಿ ಕಳ್ಸಿ ಸಾಕಾಯ್ತಮ್ಮ. ಬೈಯೋ ಗೊಂಬೆ ಒಂದೂ ಇಲ್ವಲ್ಲ ಇದ್ರಲ್ಲಿ. ಆ ಬೇಕರಿಯವನನ್ನ ಬೈದು ಹತ್ತು ದಿನ ಆಯ್ತು. ಬದುಕಿದಾನಾ ಅವನು?"

ಆ ಮಾತು ಅಂಪೈರಮ್ಮನ ಎದೆಗೆ ನಾಟಿತು. ಆ ಗಾಜಿನ ಪೆಟ್ಟಿಗೆಯಿಂದ ಡ್ರೈವರಣ್ಣ ಹೊರಗೆ ಬರುತ್ತಿದ್ದ ಏಕೈಕ ಬಾಗಿಲು ಆ ಹಳೆಯ ಮೇಜು. ಅದು ಗುಜರಿಗೆ ಹೋದರೆ ಬಾಗಿಲು ಮುಚ್ಚಿದಂತೆಯೇ. ಕಸ ಬಳಿಯುವವಳಿಗೆ ಇದರಲ್ಲೇನು ಮಾತು ಎಂದು ಎರಡು ದಿನ ಹಿಂಜರಿದರು. ಮೂರನೆಯ ದಿನ ಹಿರಿಯ ಸಿಸ್ಟರ್ ಮುಂದೆ ನಿಂತರು.

"ಸಿಸ್ಟರ್, ಬೆಳಗಿನ ನಾಲ್ಕು ಜನಕ್ಕೆ ಹಳೇದೇ ಇರ್ಲಿ."

"ಈಗ ತಾನೇ ವಾರ್ಡು ತಣ್ಣಗಾಗಿದೆ. ಮತ್ತೆ ಆ ಸಂತೆ ಬೇಕಾ ನಿನಗೆ? ತಲೆ ಸಿಡಿದು ಹೋಗ್ತಿತ್ತು ನನಗೆ."

"ಸಂತೇನೇ ಬೇಕು ಸಿಸ್ಟರ್. ಗಲಾಟೆ ಮಾಡೋರು ಚೆನ್ನಾಗಿದಾರೆ ಅಂತ ನಾನು ತಿರುಗಿ ನೋಡದೇ ಕೆಲಸ ಮಾಡ್ತಿದ್ದೆ. ಈಗ ಎಲ್ಲಾ ಸುಮ್ನಿರ್ತಾರೆ. ಯಾರಿಗೆ ನಿದ್ದೆ, ಯಾರಿಗೆ ಸುಸ್ತು, ಒಂದೂ ಗೊತ್ತಾಗಲ್ಲ."

ಸಿಸ್ಟರ್ ತಲೆನೋವಿಗೂ ಒಂದು ನ್ಯಾಯವಿತ್ತು ಎಂದು ಅಂಪೈರಮ್ಮ ಈಗಲೂ ಹೇಳುತ್ತಾರೆ. ಕೊನೆಗೆ ಸಿಸ್ಟರ್ ಒಂದು ಹೆಜ್ಜೆ ಇಳಿದರು: ಗುಜರಿಯವನು ಬರುವ ತನಕ ಬೆಳಗಿನವರು ಹಳೆಯದರಲ್ಲೇ ಆಡಲಿ, ಆಮೇಲೆ ಮಾತಿಲ್ಲ. ಉಳಿದದ್ದು ಒಂದು ವಾರ.

ಆ ವಾರದಲ್ಲೊಂದು ಬೆಳಗ್ಗೆ.

ಹಾಲ್‌ನಲ್ಲಿ ಹೊಸ ರೋಗಿಯೊಬ್ಬರ ಸೂಜಿಯ ಜಾಗದಿಂದ ರಕ್ತ ನಿಲ್ಲದೆ, ಸಿಸ್ಟರ್ ಅದನ್ನು ಒತ್ತಿ ಹಿಡಿದು ನಿಂತಿದ್ದರು. ಅಂಪೈರಮ್ಮ ಹಾಸಿಗೆಯೊಂದರ ಹೊದಿಕೆ ಎಳೆಯುತ್ತಿದ್ದರು. ಡ್ರೈವರಣ್ಣನ ರಕ್ತದೊತ್ತಡ ನೋಡಿ ಬಹಳ ಹೊತ್ತೇನೂ ಆಗಿರಲಿಲ್ಲ, ಎಲ್ಲ ಸರಿಯಾಗಿತ್ತು. ಅವರ ಯಂತ್ರವೂ ತನ್ನ ಪಾಡಿಗೆ ತಿರುಗುತ್ತಿತ್ತು. ಆಟದಲ್ಲಿ ಅವರ ಸರದಿ. ದಾಳ ಬಿತ್ತು, ಮೂರು. ಕೆಂಪು ಕಾಯಿ ಮೆಲ್ಲಗೆ ಹೊರಟಿತು, ಹಿಂದಕ್ಕೆ.

"ಡ್ರೈವರಣ್ಣ ರಾಂಗ್ ಸೈಡು!" ಬೇಕರಿಯವನು ಕೂಗಿದ. "ಹಿಡೀರಪ್ಪ, ಲೈಸೆನ್ಸ್ ಕಿತ್ಕೊಳ್ಳಿ!"

ಟೈಲರ್ ಹೊಟ್ಟೆ ಹಿಡಿದು ನಕ್ಕರು. ಗಾಜಿನ ಕೋಣೆಯಿಂದ ಉತ್ತರ ಬರಲಿಲ್ಲ. ಬದಲಿಗೆ ಕೆಂಪು ಕಾಯಿ ಇನ್ನೂ ಹಿಂದೆ ಸರಿದು, ಟೀಚರಮ್ಮನ ಹಸಿರು ಓಣಿಯೊಳಗೆ ನುಗ್ಗಿ ನಿಂತಿತು.

ಟೀಚರಮ್ಮ ನಗಲಿಲ್ಲ. ಈ ನಾಲ್ವರಲ್ಲಿ ಒಂದು ಮನೆಯ ಮೋಸವನ್ನೂ ಮಾಡದವರು ಯಾರಾದರೂ ಇದ್ದರೆ ಅದು ಡ್ರೈವರಣ್ಣ. ದಾಳ ತಮಗೆ ಲಾಭವಾಗುವಂತೆ ತಪ್ಪಾಗಿ ಎಣಿಕೆಯಾದರೆ ತಾವೇ ಹೇಳಿ ಹಿಂದೆ ಬರುವ ಮನುಷ್ಯ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಂತ ಮನುಷ್ಯ.

"ಅಂಪೈರಮ್ಮ," ಟೀಚರಮ್ಮನ ದನಿ ತಗ್ಗಿತ್ತು. "ಸ್ವಲ್ಪ ಬಾ. ಡ್ರೈವರಣ್ಣ ದಾರಿ ತಪ್ಪಿದಾರೆ."

ಅಂಪೈರಮ್ಮ ಪರದೆ ನೋಡಿದರು. ಹೊದಿಕೆಯನ್ನು ಅಲ್ಲೇ ಬಿಟ್ಟು ಗಾಜಿನ ಬಳಿ ಓಡಿದರು. ಒಳಗೆ ಡ್ರೈವರಣ್ಣ ನೆಟ್ಟಗೆ ಕೂತಿದ್ದರು, ಕಣ್ಣೂ ತೆರೆದೇ ಇತ್ತು, ತುಟಿಯ ಮೇಲೊಂದು ಸಣ್ಣ ನಗು. ದೂರದಿಂದ ನೋಡಿದವರಿಗೆ ಆಟದಲ್ಲಿ ಮುಳುಗಿದ ಮನುಷ್ಯ. ಆದರೆ ಹಣೆಯ ಬೆವರು ಗಲ್ಲದ ತನಕ ಇಳಿದಿತ್ತು. ಬೆರಳು ಪರದೆಯ ಮೇಲೆ ಕಾಯಿ ಇಲ್ಲದ ಜಾಗದಲ್ಲಿ ಎಳೆಯುತ್ತಲೇ ಇತ್ತು.

"ಸಿಸ್ಟರ್! ಗಾಜಿನ ಕೋಣೆ!"

ಆಮೇಲಿನದು ಸಿಸ್ಟರ್ ಕೆಲಸ. ಸೂಜಿಯ ಜಾಗ ಒತ್ತುವುದನ್ನು ಇನ್ನೊಬ್ಬ ನರ್ಸ್‌ಗೆ ಒಪ್ಪಿಸಿ, ಗೌನು ತೊಟ್ಟು ಒಳಗೆ ನುಗ್ಗಿದರು. ಡ್ರೈವರಣ್ಣನಿಗೆ ಸಕ್ಕರೆ ಕಾಯಿಲೆಯೂ ಇತ್ತು; ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದು ಓಡಿ ಬಂದ ಡಾಕ್ಟರ್ ಹೇಳಿದರು. ಸಕ್ಕರೆಯ ದ್ರಾವಣ ನರಕ್ಕೆ ಹತ್ತಿತು. ಹಾಲ್‌ನ ಮೂವರು ಪರದೆ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಮೈಕಿನಲ್ಲಿ ಒಂದು ದನಿ ಗೊಗ್ಗರಾಗಿ ಬಂತು:

"ಯಾರ ಸರದಿ?"

"ನಿಮ್ದೇ ಕಣಣ್ಣ," ಎಂದವನೇ ಬೇಕರಿಯವನು ಮುಖವನ್ನು ದಿಂಬಿನ ಕಡೆ ತಿರುಗಿಸಿಕೊಂಡ.

ಅಂಪೈರಮ್ಮ ಬಿಟ್ಟುಹೋಗಿದ್ದ ಹೊದಿಕೆಯನ್ನು ಹೋಗಿ ಹಾಸಿದರು. ಮೇಜಿನ ಮಾತು ತೆಗೆದವರು ಹಿರಿಯ ಸಿಸ್ಟರ್. ಪಾಳಿ ಮುಗಿದ ಮೇಲೆ ಅವರು ಹೊಸ ಟ್ಯಾಬ್ ಒಂದನ್ನು ತೆರೆದು, ಟೈಲರ್ ಮುಂದೆಯೇ ಕಾಯಿಯನ್ನು ಹಿಂದಕ್ಕೆ ಎಳೆದರು. ಅದು ನಯವಾಗಿ ಜಾರಿ ತನ್ನ ಜಾಗಕ್ಕೆ ವಾಪಸ್ ಬಂತು. ಮತ್ತೆ ಎಳೆದರು, ಮತ್ತೆ ಬಂತು. ಸುಮ್ಮನೆ ಬಿಟ್ಟರು. ಗಡಿಯಾರ ಕರಗಿತು, ದಾಳ ತಾನೇ ಉರುಳಿತು, ಕಾಯಿ ತಾನೇ ಸರಿಯಾದ ದಾರಿಯಲ್ಲಿ ಮುಂದೆ ನಡೆಯಿತು. ಸಂಗೀತವೂ ಬಂತು.

"ಡ್ರೈವರಣ್ಣನ ಬದಲು ಇದೇ ಆಡ್ಬಿಡ್ತಿತ್ತು," ಎಂದರು ಸಿಸ್ಟರ್. "ಚೆನ್ನಾಗೇ ಆಡ್ತಿತ್ತು."

ಟೈಲರ್ ಕೈ ಚಾಚಿ ಸಂಗೀತ ನಿಲ್ಲಿಸಿದರು.

ಡಾಕ್ಟರ್ ಟೆಕ್ನಿಷಿಯನ್‌ಗೆ ಹೇಳಿಸಿದರು. ಗುಜರಿಯವನು ಬಂದು ಹಳೆಯ ಟ್ಯಾಬ್‌ಗಳನ್ನು ಒಯ್ದದ್ದೇನೋ ನಿಜ, ಅವುಗಳ ಬ್ಯಾಟರಿಯ ಆಯಸ್ಸೂ ಮುಗಿದಿತ್ತು. ಆದರೆ ಆ ವೇಳೆಗೆ ಹನ್ನೆರಡೂ ಹೊಸ ಟ್ಯಾಬ್‌ಗಳಲ್ಲಿ ಬರಿಯ ಮೇಜು ಬಂದು ಕೂತಿತ್ತು, ಮೈಕಿನ ಮಾತಿನ ಸಮೇತ. ಈಗ ನಾಲ್ಕು ಹಾಸಿಗೆಗೆ ಮಾತ್ರವಲ್ಲ, ಮೂರೂ ಪಾಳಿಯ ಎಲ್ಲ ಹಾಸಿಗೆಗೂ ಅದು ಹರಡಿದೆ. ಮಧ್ಯಾಹ್ನದ, ಸಂಜೆಯ ಸಹಾಯಕಿಯರು ಬೇಗ ಬಂದು ಅಂಪೈರಮ್ಮನ ಪಕ್ಕ ನಿಂತು ಮೇಜು ಹಾಕುವುದನ್ನು ಕಲಿತಿದ್ದಾರೆ. ಸಿಸ್ಟರ್ ಕೂಡ ಹೊಸ ನರ್ಸ್‌ಗಳಿಗೆ ಹೇಳಿಕೊಡುವಾಗ ಒಂದು ಮಾತು ಸೇರಿಸುತ್ತಾರೆ: "ಯಂತ್ರದ ಅಲಾರಂ ಕೇಳಿಸ್ಕೊಳ್ಳಿ, ಮೇಜಿನ ಜಗಳಾನೂ ಕೇಳಿಸ್ಕೊಳ್ಳಿ."

ಹಾಗೆಂದು ನಿಯಮ ಬಲ್ಲ ಆಟಗಳನ್ನು ಅಂಪೈರಮ್ಮ ದೂರ ತಳ್ಳಿಲ್ಲ. "ಅದು ಕೆಟ್ಟದ್ದು ಅಂತ ಅಲ್ಲ. ಹೊಸದಾಗಿ ಬಂದೋರು ಇರ್ತಾರೆ, ಯಾರ ಹತ್ರಾನೂ ಮಾತು ಬೇಡ ಅನ್ನಿಸಿರುತ್ತೆ, ಅವರಿಗೆ ಅದೇ ಕೊಡ್ತೀನಿ. ಆಟ ಗೊತ್ತಿಲ್ಲದೋರು ಅದರಲ್ಲೇ ಕಲೀತಾರೆ. ಎಂಟು ಹತ್ತು ದಿನ ಬಿಟ್ಟು ಪಕ್ಕದ ಹಾಸಿಗೆ ಗಲಾಟೆ ಕಡೆ ಕತ್ತು ಚಾಚ್ತಾರೆ ನೋಡಿ, ಆಗ ಈ ಮೇಜಿಗೆ ಎಳ್ಕೊಳ್ತೀನಿ. ಅದು ಪಾಠ ಹೇಳೋ ಮೇಷ್ಟ್ರು. ಇದು ಹರಟೆ ಕಟ್ಟೆ. ಎರಡೂ ಬೇಕು."

ಡ್ರೈವರಣ್ಣ ಮೂರು ದಿನ ಬಿಟ್ಟು ಮತ್ತೆ ಗಾಜಿನ ಕೋಣೆಗೆ ಬಂದಾಗ ಮಾಡಿದ ಮೊದಲ ಕೆಲಸವನ್ನು ಈ ವಾರ್ಡು ಈಗಲೂ ಹೇಳಿಕೊಂಡು ನಗುತ್ತದೆ. ಸೂಜಿ ಹಾಕಿಸಿಕೊಂಡವರೇ ಮೈಕಿನಲ್ಲಿ ಘೋಷಿಸಿದರು:

"ಮೊನ್ನೆ ನಾನು ಹಿಂದಕ್ಕೆ ಹೋಗಿದೀನಂತೆ. ಟೀಚರಮ್ಮನ ಓಣಿಗೂ ನುಗ್ಗಿದೀನಂತೆ. ಎರಡು ತಪ್ಪು. ಎರಡು ದಾಳ ಕೊಡ್ತೀನಿ, ತಗೊಳ್ಳಿ."

"ಅಯ್ಯೋ, ಬಿಡಿಯಣ್ಣ," ಎಂದ ಬೇಕರಿಯವನು. "ಹುಷಾರಿಲ್ಲದಾಗ ಆಗಿದ್ದು ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ಲ ಅನ್ನೋಕೆ ನೀನ್ಯಾರು? ರಾಂಗ್ ಸೈಡ್ ಅಂದ್ರೆ ರಾಂಗ್ ಸೈಡೇ!"

"ನನಗೆ ನಿಮ್ಮ ದಾಳ ಬೇಡ," ಟೀಚರಮ್ಮ ರೇಗಿದರು. "ಭಿಕ್ಷೆ ಬೇಡ ನನಗೆ."

"ಭಿಕ್ಷೆ ಅಲ್ಲಮ್ಮ, ದಂಡ!"

"ಹಾಗಾದ್ರೆ ನನಗೆ ಕೊಡಿ," ಟೈಲರ್ ನಡುವೆ ಬಾಯಿ ಹಾಕಿದರು. ನಾಲ್ವರೂ ಒಟ್ಟಿಗೆ ಕೂಗಾಡತೊಡಗಿದರು. ದೂರದ ಹಾಸಿಗೆಯವರೂ ಪಕ್ಷ ಕಟ್ಟಿದರು. ಹಿರಿಯ ಸಿಸ್ಟರ್ ಎರಡೂ ಕಿವಿ ಮುಚ್ಚಿಕೊಂಡು, ನಗುತ್ತಾ, ಬಾಗಿಲ ಬಳಿ ನಿಂತಿದ್ದರು. ಅಂಪೈರಮ್ಮ ಗಾಜಿನ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು: "ಒಂದು ದಾಳ ಟೀಚರಮ್ಮಂಗೆ, ಅವರು ನೋಡಿದ್ದಕ್ಕೆ. ಇನ್ನೊಂದು ಬೇಕರಿಯವನಿಗೆ, ಅವನು ಕೂಗಿದ್ದಕ್ಕೆ. ಮುಗೀತು. ಇನ್ನು ಯಾರಾದ್ರೂ ಉಸಿರೆತ್ತಿದ್ರೆ ಮೇಜು ಮಡಚ್ತೀನಿ."

ಪಾಳಿ ಮುಗಿದು, ರೋಗಿಗಳು ಒಬ್ಬೊಬ್ಬರಾಗಿ ತೋಳಿನ ಪಟ್ಟಿ ಒತ್ತಿಕೊಂಡು ಮನೆಗೆ ಹೊರಟಿದ್ದಾರೆ. ಕಿಟಕಿಯಲ್ಲಿ ಈಗ ಪೂರ್ತಿ ಬಿಸಿಲು. ಎರಡನೆಯ ಪಾಳಿ ಬರುವ ಮುಂಚೆ ಹನ್ನೆರಡು ಹಾಸಿಗೆಗಳ ಹೊದಿಕೆ ಬದಲಾಗಬೇಕು. ಅಂಪೈರಮ್ಮ ಕೈ ತೊಳೆದು, ಗೋಡೆಗೊರಗಿ ಒಂದು ಲೋಟ ನೀರು ಕುಡಿಯುತ್ತಾರೆ. ಬೆಳಗ್ಗೆಯಿಂದ ಅವರು ಕೂತದ್ದು ಕಾಣಲಿಲ್ಲ.

ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ, ನಾಚಿಕೊಂಡ ಹಾಗೆ ಹೇಳುತ್ತಾರೆ: "ಒಂದು ಆಸೆ ಇದೆ. ಇಷ್ಟು ವರ್ಷ ಮೇಜು ಹಾಕಿದೀನಿ, ತೀರ್ಪು ಹೇಳಿದೀನಿ, ಈ ವಾರ್ಡಲ್ಲಿ ಇವರ ಜೊತೆ ಒಂದು ಆಟಾನೂ ಆಡಿಲ್ಲ. ಡ್ಯೂಟಿಲಿ ಆಡೋ ಹಾಗಿಲ್ವಲ್ಲ. ಒಂದಿನ ರಜೆ ಹಾಕಿ ಬಂದು ಕೂತ್ಕೋಬೇಕು. ಕೂತು ಒಂದು ಮೋಸ ಮಾಡ್ಬೇಕು. ನಮ್ಮತ್ತೆ ಮಾಡ್ತಿದ್ರಲ್ಲ, ಅಷ್ಟು ಚೆನ್ನಾಗಿ."

ಮಾಡಿದರೆ ದಕ್ಕೀತೇ?

ಹೊರಗೆ ಮೆಟ್ಟಿಲಲ್ಲಿ ಎರಡನೆಯ ಪಾಳಿಯವರ ದನಿಗಳು ಕೇಳಿಸುತ್ತಿವೆ. ಅವರು ಲೋಟವನ್ನು ಕವುಚಿಟ್ಟು, ಮಡಚಿದ ಹೊದಿಕೆಗಳ ರಾಶಿಯನ್ನು ಎದೆಗವಚಿಕೊಂಡು ನೆಟ್ಟಗೆ ನಿಲ್ಲುತ್ತಾರೆ. ಮುಖ ಅರಳಿದೆ.

"ಎಲ್ಲಿ ದಕ್ಕುತ್ತೆ! ಒಂದು ಮನೆ ಆಚೆ ಈಚೆ ಆದ್ರೆ ನಾಲ್ಕು ಜನಾನೂ ಒಟ್ಟಿಗೆ ಹಿಡೀತಾರೆ. ನನ್ನ ಕೈಲಿ ಪಳಗಿದ ಕಣ್ಣುಗಳು ಅವು."